ಉಳ್ಳಾಲದ ಬರೆಗಳಿಗೆ ಹಸಿರು ಹೊದಿಕೆ: ಹೈಡ್ರೋಸೀಡಿಂಗ್‌ನ ಬಲ ಮತ್ತು ಮಿತಿ

ನೇತ್ರಾವತಿಯ ದಕ್ಷಿಣ ದಡದಿಂದ ತಲಪಾಡಿಯ ಗಡಿಯವರೆಗೆ ಹಬ್ಬಿರುವ ಉಳ್ಳಾಲ ಸೀಮೆಯ ನೆಲ ಎರಡು ಬಗೆಯದು. ಪಡುವಣದಲ್ಲಿ ಉಳ್ಳಾಲ, ಸೋಮೇಶ್ವರ, ಉಚ್ಚಿಲಗಳ ಮರಳ ದಂಡೆಯಿದ್ದರೆ, ತೊಕ್ಕೊಟ್ಟಿನಿಂದ ಮೂಡಣಕ್ಕೆ ಏರುತ್ತ ಹೋದಂತೆ ಕುತ್ತಾರು, ದೇರಳಕಟ್ಟೆ, ಕೊಣಾಜೆ, ಮಂಜನಾಡಿ, ಮುಡಿಪುಗಳ ಮುರಕಲ್ಲಿನ ಗುಡ್ಡೆಗಳೂ ಅವುಗಳ ನೆತ್ತಿಯ ಬಯಲುಗಳಾದ ಪದವುಗಳೂ ಎದುರಾಗುತ್ತವೆ. ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ರೂಪುಗೊಂಡು, ಮುಂದೆ ದೇರಳಕಟ್ಟೆಯಲ್ಲಿ ವೈದ್ಯಕೀಯ ಕಾಲೇಜುಗಳೂ ಮುಡಿಪಿನಲ್ಲಿ ಮಾಹಿತಿ ತಂತ್ರಜ್ಞಾನದ ಆವರಣವೂ ಬಂದ ಮೇಲೆ ಮನೆ, ವಸತಿಗೃಹ, ರಸ್ತೆಗಳಿಗಾಗಿ ಗುಡ್ಡೆಯನ್ನು ಕಡಿದು ಸಮತಟ್ಟು ಮಾಡುವ ಕೆಲಸ ಇಲ್ಲಿ ನಿಂತೇ ಇಲ್ಲ. ಹಾಗೆ ಕಡಿದಾಗ ಉಳಿಯುವ ಗೋಡೆಯಂಥ ಮಣ್ಣಿನ ಮೈಯನ್ನು ಕರಾವಳಿಯಲ್ಲಿ ಬರೆ ಎನ್ನುತ್ತಾರೆ. 2024ರ ಜೂನ್ 26ರಂದು ಕುತ್ತಾರಿನ ಮದನಿನಗರದಲ್ಲಿ ಆವರಣ ಗೋಡೆಯೊಂದು ಮನೆಯ ಮೇಲೆ ಕುಸಿದು ಒಂದೇ ಕುಟುಂಬದ ನಾಲ್ವರು ಸತ್ತರು. 2025ರ ಮೇ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಅಜ್ಜಿಯೂ ಇಬ್ಬರು ಎಳೆಯ ಮೊಮ್ಮಕ್ಕಳೂ ಪ್ರಾಣ ಕಳೆದುಕೊಂಡರು. ಆದ್ದರಿಂದ ಬರಿಮಣ್ಣಿಗೆ ಹಸಿರು ಹೊದಿಸುವ ಯಾವುದೇ ವಿಧಾನವನ್ನು ಉಳ್ಳಾಲದಲ್ಲಿ ಕೇವಲ ಅಂದಚೆಂದದ ವಿಷಯವಾಗಿ ನೋಡಲು ಬರುವುದಿಲ್ಲ.

ಹೈಡ್ರೋಸೀಡಿಂಗ್ ಎಂದರೆ ಬೀಜ, ಗೊಬ್ಬರ, ನಾರು ಮತ್ತು ಅಂಟುಗಳನ್ನು ನೀರಿನಲ್ಲಿ ಕಲಸಿ, ತೆಳು ಗಂಜಿಯ ಹದಕ್ಕೆ ತಂದು, ಪಂಪಿನ ಒತ್ತಡದಿಂದ ಕೊಳವೆಯ ಮೂಲಕ ನೆಲದ ಮೇಲೆ ಒಂದೇ ಸಮನಾಗಿ ಸಿಂಪಡಿಸಿ ಹುಲ್ಲನ್ನೋ ನೆಲಹೊದಿಕೆಯ ಗಿಡಗಳನ್ನೋ ಬೆಳೆಸುವ ಕ್ರಮ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿದ್ದ ಮಾರಿಸ್ ಮ್ಯಾಂಡೆಲ್ ಎಂಬುವರು 1953ರಲ್ಲಿ ಬೀಜವನ್ನು ನೀರಿನೊಡನೆ ಬೆರೆಸಿ ಚಿಮ್ಮಿಸಿದರೆ ಆಳು ಹತ್ತಿ ನಿಲ್ಲಲಾಗದ ಕಡಿದಾದ ರಸ್ತೆಬದಿಗಳಿಗೂ ಅದನ್ನು ತಲುಪಿಸಬಹುದೆಂದು ಕಂಡುಕೊಂಡದ್ದು ಇದರ ಆರಂಭ. ಅಲ್ಲಿಂದ ಮುಂದೆ ಗಣಿಗಳ ತ್ಯಾಜ್ಯ ದಿಬ್ಬ, ಅಣೆಕಟ್ಟಿನ ಏರಿ, ಗಾಲ್ಫ್ ಮೈದಾನ, ಮನೆಯಂಗಳದ ಲಾನ್‌ಗಳಿಗೂ ಅದು ಹಬ್ಬಿತು. ಕಾಡ್ಗಿಚ್ಚಿನಲ್ಲಿ ಸುಟ್ಟ ಬೆಟ್ಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿಯುವ ರೂಪವನ್ನೂ ತಾಳಿತು.

ಈ ಮಿಶ್ರಣದಲ್ಲಿ ಬೀಜದಷ್ಟೇ ಮುಖ್ಯವಾದದ್ದು ನಾರು. ಮರದ ತಿರುಳಿನಿಂದಲೋ ಹಳೆಯ ಕಾಗದದಿಂದಲೋ ಮಾಡಿದ ಈ ನಾರು ಬಿದ್ದ ಜಾಗದಲ್ಲಿ ತೇವದ ಹೊದಿಕೆಯಾಗಿ ನಿಂತು, ಬಿಸಿಲಿಗೆ ಮೊಳಕೆ ಒಣಗದಂತೆಯೂ ಮಳೆಹನಿ ನೇರವಾಗಿ ಮಣ್ಣಿಗೆ ಬಡಿಯದಂತೆಯೂ ಕಾಯುತ್ತದೆ. ಐದು ಮಿಲಿಮೀಟರ್ ಗಾತ್ರದ ಮಳೆಹನಿಯೊಂದು ಸೆಕೆಂಡಿಗೆ ಸುಮಾರು ಒಂಬತ್ತು ಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸುವಾಗ ಬರಿಮಣ್ಣಿನ ಕಣಗಳನ್ನು ಸಡಿಲಿಸಿ ಎರಚುತ್ತದೆ. ಸಡಿಲಗೊಂಡ ಆ ಕಣಗಳನ್ನು ಹರಿವ ನೀರು ಹೊತ್ತೊಯ್ಯುತ್ತದೆ. ಮೊದಲು ಕೂದಲೆಳೆಯಂತಿದ್ದ ಗೀರು ಒಂದೇ ಮಳೆಗಾಲದಲ್ಲಿ ಕೊರಕಲಾಗುತ್ತದೆ. ನಾರು ಜಾರಿ ಹೋಗದಿರಲು ಬೆರೆಸುವ ಅಂಟು ಸಾಮಾನ್ಯವಾಗಿ ಗೋರಿಕಾಯಿಯ ಬೀಜದಿಂದ ತೆಗೆದ ಗೌರ್ ಗೋಂದು ಅಥವಾ ಇಸಬ್‌ಗೋಲಿನ ಹೊಟ್ಟು. ರಾಜಸ್ಥಾನದ ಗೌರ್ ಮತ್ತು ಗುಜರಾತಿನ ಇಸಬ್‌ಗೋಲ್ ಎರಡೂ ಭಾರತ ಹೊರದೇಶಗಳಿಗೆ ಕಳಿಸುವ ಸರಕುಗಳಾದ್ದರಿಂದ, ಪರದೇಶದ ಹೆದ್ದಾರಿಗಳ ಇಳಿಜಾರನ್ನು ಹಿಡಿದಿಟ್ಟಿರುವ ಅಂಟಿನಲ್ಲಿ ಈ ದೇಶದ ಹೊಲಗಳ ಪಾಲೂ ಇದೆ ಎನ್ನಬಹುದು. ಇವುಗಳ ಜೊತೆಗೆ ಸೇರುವ ಹಸಿರು ಬಣ್ಣಕ್ಕೆ ಬೆಳೆಸುವ ಗುಣವೇನೂ ಇಲ್ಲ. ಎಲ್ಲಿ ಸಿಂಪಡಿಸಿ ಆಯಿತು, ಎಲ್ಲಿ ಬಿಟ್ಟುಹೋಯಿತು ಎಂಬುದು ಕೆಲಸಗಾರನ ಕಣ್ಣಿಗೆ ಕಾಣಲಿ ಎಂಬುದಷ್ಟೇ ಅದರ ಉದ್ದೇಶ. ಸಿಂಪಡಿಸಿದ ಮರುಗಳಿಗೆಯೇ ಗುಡ್ಡ ಹಸಿರಾಗಿ ಕಂಡಿತೆಂದು ಬಿಲ್ಲು ಪಾವತಿಸುವ ಅಧಿಕಾರಿಗಳು ಈ ಒಂದು ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

ಲೆಕ್ಕವನ್ನು ಊರಿನ ಅಳತೆಯಲ್ಲಿಯೇ ಹೇಳುವುದಾದರೆ, ಐದು ಸೆಂಟ್ಸ್ ಜಾಗಕ್ಕೆ, ಎಂದರೆ ಸುಮಾರು 200 ಚದರ ಮೀಟರಿಗೆ, ಗರಿಕೆ ಜಾತಿಯ ಬೀಜ ಒಂದರಿಂದ ಎರಡು ಕಿಲೋ, ನಾರು 40ರಿಂದ 60 ಕಿಲೋ, ಗೌರ್ ಅಂಟು ಒಂದು ಒಂದೂವರೆ ಕಿಲೋ, ಇವೆಲ್ಲವನ್ನೂ ಕದಡಲು 700ರಿಂದ 1,000 ಲೀಟರ್ ನೀರು ಬೇಕಾಗುತ್ತದೆ. ಇಳಿಜಾರು ಹೆಚ್ಚಿದಂತೆ ನಾರಿನ ಪ್ರಮಾಣವೂ ಹೆಚ್ಚಬೇಕು. ಟ್ಯಾಂಕಿನೊಳಗೆ ರೆಕ್ಕೆಗಳು ಸದಾ ತಿರುಗುತ್ತ ಮಿಶ್ರಣವನ್ನು ಕದಡುತ್ತಿರಬೇಕು, ಇಲ್ಲದಿದ್ದರೆ ಬೀಜ ಒಂದೆಡೆ, ನಾರು ಒಂದೆಡೆಯಾಗಿ ನೆಲದ ಮೇಲೂ ಹುಲ್ಲು ತೇಪೆ ತೇಪೆಯಾಗಿ ಏಳುತ್ತದೆ. ಗೊಬ್ಬರ ಕರಗಿದ ನೀರಿನಲ್ಲಿ ಉಪ್ಪಿನಂಶ ಹೆಚ್ಚಾಗಿರುವುದರಿಂದ ಬೀಜವನ್ನು ಕೊನೆಯಲ್ಲಿ ಹಾಕಿ, ಹಾಕಿದ ಗಂಟೆಯೊಳಗೆ ಟ್ಯಾಂಕನ್ನು ಖಾಲಿ ಮಾಡುವುದು ಕ್ಷೇಮ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಬಿಡುವ ಪಂಪು ಜಿಲ್ಲೆಯ ಮನೆಮನೆಯಲ್ಲಿ ಇದ್ದರೂ ಅದು ಈ ಕೆಲಸಕ್ಕೆ ಒದಗುವುದಿಲ್ಲ. ಅದರ ಸಣ್ಣ ಕಣ್ಣಿನ ನಳಿಗೆಯಲ್ಲಿ ನಾರು ಕಟ್ಟಿಕೊಳ್ಳುತ್ತದೆ. ಕೆಸರು ನೀರೆತ್ತುವ ಅಗಲಬಾಯಿಯ ಪಂಪಾದರೆ ನಡೆಯುತ್ತದೆ.

ನಾರಿನ ವಿಷಯದಲ್ಲಿ ತೆಂಗಿನ ನಾಡಿಗೆ ಹೊರಗಿನ ಹಂಗು ಹೆಚ್ಚು ಬೇಕಿಲ್ಲ. ತೆಂಗಿನ ಸಿಪ್ಪೆಯ ನಾರಿನ ಪುಡಿಯನ್ನು ಚೆನ್ನಾಗಿ ತೊಳೆದು ಉಪ್ಪು ತೆಗೆದರೆ ಮಿಶ್ರಣದ ಒಂದು ಭಾಗವಾಗಿ ಬಳಸಬಹುದು. ಅದಕ್ಕಿಂತ ಮುಖ್ಯವಾಗಿ, ತೆಂಗಿನ ಹುರಿಯಿಂದ ನೇಯ್ದ ಬಲೆಯನ್ನು, ಎಂದರೆ ಕಯರ್ ಬೋರ್ಡ್ ಭೂವಸ್ತ್ರ ಎಂಬ ಹೆಸರಿನಿಂದ ಪ್ರಚಾರಕ್ಕೆ ತಂದ ಬಟ್ಟೆಯನ್ನು, ಇಳಿಜಾರಿಗೆ ಹಾಸಿ ಗೂಟ ಹೊಡೆದು ಅದರ ಮೇಲೆ ಬೀಜ ಸಿಂಪಡಿಸಿದರೆ ಮೊದಲ ಎರಡು ಮಳೆಗಾಲಗಳನ್ನು ಆ ಬಲೆಯೇ ತಡೆದುಕೊಳ್ಳುತ್ತದೆ. ರಸ್ತೆ, ರೈಲು ಏರಿ ಮತ್ತು ಬೆಟ್ಟದ ಇಳಿಜಾರುಗಳಲ್ಲಿ ಇದನ್ನು ಬಳಸುವ ಕ್ರಮಕ್ಕೆ ಭಾರತೀಯ ಮಾನಕ ಬ್ಯೂರೋ 2009ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ನಾರು ಮಣ್ಣಾಗುವ ಹೊತ್ತಿಗೆ ಬೇರು ಹಿಡಿದಿರುತ್ತದೆ, ತೆಗೆದು ಬಿಸಾಡಬೇಕಾದ ಪ್ಲಾಸ್ಟಿಕ್ ಉಳಿಯುವುದಿಲ್ಲ.

ಉಳ್ಳಾಲದ ಗುಡ್ಡೆಗಳ ಮಣ್ಣನ್ನು ಅರಿಯದೆ ಬೀಜ ಆರಿಸುವುದು ವ್ಯರ್ಥ. ಮೇಲ್ಪದರದ ಮುರಕಲ್ಲು, ಎಂದರೆ ಕಬ್ಬಿಣ ಮತ್ತು ಅಲ್ಯೂಮಿನಿಯಂ ತುಂಬಿದ ಕೆಂಪುಕಲ್ಲು, ಗಾಳಿಗೆ ಗಟ್ಟಿಯಾಗುವಂಥದು. ಕೋರೆಯಲ್ಲಿಯೂ ಬಾವಿಯಲ್ಲಿಯೂ ಅದು ನೆಟ್ಟಗೆ ನಿಂತಿರುವುದನ್ನು ಎಲ್ಲರೂ ಕಂಡಿದ್ದಾರೆ. ಅದರ ಅಡಿಯಲ್ಲಿರುವ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಪದರವನ್ನು ಜನ ಶೇಡಿ ಮಣ್ಣು ಎಂದು ಕರೆಯುತ್ತಾರೆ. ಸುರತ್ಕಲ್‌ನ ಎನ್‌ಐಟಿಕೆಯ ಸಿವಿಲ್ ಎಂಜಿನಿಯರುಗಳು ಬಹುಕಾಲದಿಂದ ಪರೀಕ್ಷಿಸುತ್ತ ಬಂದಿರುವ ಈ ಮಣ್ಣು ಒಣಗಿದ್ದಾಗ ಗಟ್ಟಿಯಾಗಿಯೇ ಇರುತ್ತದೆ, ನೀರು ಕುಡಿದು ತುಂಬಿದಾಗ ಮಾತ್ರ ಬಲವನ್ನೆಲ್ಲ ಕಳೆದುಕೊಂಡು ಹರಿದುಹೋಗುತ್ತದೆ. ಗುಡ್ಡೆಯನ್ನು ಆಳವಾಗಿ ಕಡಿದಾಗ ಮೇಲೆ ಮುರಕಲ್ಲಿನ ಟೊಪ್ಪಿ ಉಳಿದು ಕೆಳಗೆ ಶೇಡಿ ಬಯಲಾಗುತ್ತದೆ; ಮಳೆಗೆ ಶೇಡಿ ಕರಗಿ ಒಳಗೆ ಗೂಡಾದಂತೆ ಮೇಲಿನ ಕಲ್ಲು ಆಧಾರ ತಪ್ಪಿ ಉರುಳುತ್ತದೆ. ಗಟ್ಟಿ ಮುರಕಲ್ಲಿನ ಮೇಲೆ ಬೀಜದ ಮಿಶ್ರಣ ಹಿಡಿಯುವುದೂ ಇಲ್ಲ, ಅಲ್ಲಿ ಅದರ ಅಗತ್ಯವೂ ಇಲ್ಲ. ಹೊದಿಕೆ ಬೇಕಾದದ್ದು ಶೇಡಿಗೆ ಮತ್ತು ಕಡಿದು ಸುರಿದ ಸಡಿಲ ಮಣ್ಣಿಗೆ. ಆ ಮಣ್ಣಾದರೂ ಹುಳಿಯಾದದ್ದು, ಅದರಲ್ಲಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಬೇರಿಗೆ ಸಿಗದಂತೆ ಕಟ್ಟಿಹಾಕುವುದರಿಂದ ಬಡವಾದದ್ದು. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟು ಸುಣ್ಣ ಮತ್ತು ರಂಜಕವನ್ನು ಮಿಶ್ರಣದಲ್ಲಿಯೇ ಸೇರಿಸದಿದ್ದರೆ ಮೊಳೆತ ಹುಲ್ಲು ತಿಂಗಳೊಳಗೆ ಹಳದಿಗೆ ತಿರುಗುತ್ತದೆ.

ಬೀಜಗಳಲ್ಲಿ ಮೊದಲ ಹೆಸರು ಗರಿಕೆಯದು. ಗಣಪತಿಗೆ ಏರಿಸುವ ಗರಿಕೆಯೂ ಪೇಟೆಯಲ್ಲಿ ಬರ್ಮುಡಾ ಎಂದು ಮಾರುವ ಸಾಮಾನ್ಯ ಲಾನ್ ಬೀಜವೂ ಒಂದೇ ಜಾತಿ. ಬಿಸಿಲು, ಉಪ್ಪುಗಾಳಿ, ತುಳಿತ ಮೂರನ್ನೂ ಅದು ತಾಳುತ್ತದೆ. ಒಂದರಿಂದ ಎರಡು ವಾರಗಳಲ್ಲಿ ಮೊಳೆಯುತ್ತದೆ. ಬೇಸಗೆಯಲ್ಲಿ ಮೇಲೆ ಒಣಗಿದರೂ ನೆಲದಡಿಯ ಕಾಂಡ ಜೀವ ಹಿಡಿದಿರುತ್ತದೆ. ನೆರಳನ್ನು ಮಾತ್ರ ಅದು ಒಪ್ಪುವುದಿಲ್ಲ, ತೆಂಗಿನ ಸಾಲಿನಡಿ ವಿರಳವಾಗುತ್ತದೆ. ಬಾಹಿಯಾ ಎಂಬ ಇನ್ನೊಂದು ಹುಲ್ಲು ಮೊಳೆಯಲು ಮೂರು ನಾಲ್ಕು ವಾರ ತೆಗೆದುಕೊಂಡರೂ ಬಡಮಣ್ಣಿನಲ್ಲಿ ಆಳಕ್ಕೆ ಇಳಿಯುತ್ತದೆ. ವರ್ಷಕ್ಕೆ ಸುಮಾರು 2,400 ಮಿಲಿಮೀಟರ್ ಮಳೆಯಾಗುವ, ಕಡಿದ ಗುಡ್ಡಗಳ ಬುಡದಲ್ಲಿಯೇ ಜನ ವಾಸಿಸುವ ಹಾಂಗ್‌ಕಾಂಗ್‌ನಲ್ಲಿ ಇಳಿಜಾರುಗಳ ಮೇಲೆ ಸಿಂಪಡಿಸುವ ಮಿಶ್ರಣದಲ್ಲಿ ಈ ಎರಡನ್ನೂ ಕೂಡಿಸುತ್ತಾರೆ: ಗರಿಕೆ ಬೇಗ ಹಬ್ಬಿ ನೆಲ ಮುಚ್ಚುತ್ತದೆ, ಬಾಹಿಯಾ ನಿಧಾನವಾಗಿ ಬಂದು ನೆಲೆಯೂರುತ್ತದೆ. ಮಂಗಳೂರಿನ ಮಳೆ ಅದಕ್ಕಿಂತಲೂ ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಹೆಚ್ಚು, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವಂಥದು ಎಂಬುದನ್ನು ನೆನಪಿಡಬೇಕು.

ಹುಲ್ಲಿನ ಜೊತೆ ದ್ವಿದಳ ಗಿಡಗಳು ಸೇರಿದರೆ ಅವುಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಕೊಡುತ್ತವೆ. ಹುರುಳಿ ಕೆಲವೇ ದಿನಗಳಲ್ಲಿ ಮೊಳೆತು ನೆಲ ಮುಚ್ಚುವುದರಿಂದ ಹುಲ್ಲು ಬರುವವರೆಗಿನ ಕಾವಲಿಗೆ ಯೋಗ್ಯವಾದದ್ದು. ಅದರ ಬೀಜವನ್ನು ಯಂತ್ರದಲ್ಲಿ ಹಾಕುವುದಕ್ಕಿಂತ ಸಿಂಪಡಣೆಗೆ ಮುನ್ನ ಕೈಯಿಂದ ಎರಚುವುದೇ ಮೇಲು. ಸುಳ್ಯ, ಬೆಳ್ತಂಗಡಿ ಕಡೆಯ ರಬ್ಬರ್ ತೋಟಗಳಲ್ಲಿ ನೆಲಹೊದಿಕೆಯಾಗಿ ಬೆಳೆಸುವ ಪ್ಯೂರೇರಿಯಾ, ಮ್ಯುಕುನಾ ಬಳ್ಳಿಗಳು ವೇಗವಾಗಿ ಹಬ್ಬುತ್ತವೆಂಬುದು ನಿಜವಾದರೂ ಮರವನ್ನೇ ಹೊದ್ದುಕೊಳ್ಳುವ ಅವುಗಳನ್ನು ಮನೆಗಳ ನಡುವಿನ ಬರೆಗೆ ತರುವುದು ಜಾಣತನವಲ್ಲ. ಹಳದಿ ಹೂವಿನ ವೆಡೇಲಿಯವಂತೂ ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸೇರಿರುವ ಗಿಡ. ಹೆದ್ದಾರಿಯ ನಡುವೆ ಚೆಂದ ಕಂಡಿತೆಂದು ಅದನ್ನು ಗುಡ್ಡೆಗೆ ಹತ್ತಿಸಿದರೆ ತೋಡಿನ ದಡವೂ ಗದ್ದೆಯ ಬದುವೂ ಅದರ ಪಾಲಾಗುತ್ತವೆ. ಈ ಗುಡ್ಡೆಗಳ ಸ್ವಂತ ಹುಲ್ಲಾದ, ಒಂದು ಕಾಲಕ್ಕೆ ಮನೆಗಳ ಮಾಡಿಗೆ ಹೊದಿಸುತ್ತಿದ್ದ ಮುಳಿಹುಲ್ಲಿನ ಬೀಜ ಪೇಟೆಯ ಅಂಗಡಿಗಳ ಸರಕಲ್ಲ. ಮಳೆ ಕಳೆದು ಹುಲ್ಲು ಬಲಿತಾಗ ಉಳಿದಿರುವ ಪದವುಗಳಿಂದ ಅದನ್ನು ಕೂಡಿಹಾಕಿ ಮಿಶ್ರಣಕ್ಕೆ ಸೇರಿಸುವ ಕೆಲಸವನ್ನು ಅರಣ್ಯ ಇಲಾಖೆಯೋ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳೋ ಕೈಗೆತ್ತಿಕೊಂಡರೆ ಅದು ದೊಡ್ಡ ಉಪಕಾರವಾದೀತು.

ಬೇರಿನ ಮಾತು ಬಂದಾಗ ಲಾವಂಚವನ್ನು ಬಿಡಲಾಗದು. ಮೂರು ನಾಲ್ಕು ಮೀಟರ್ ಆಳಕ್ಕೆ ನೆಟ್ಟಗೆ ಇಳಿಯಬಲ್ಲ ಅದರ ಬೇರಿಗೆ ಮಣ್ಣನ್ನು ಹಿಡಿಯುವಲ್ಲಿ ಬೇರಾವ ಹುಲ್ಲೂ ಸಾಟಿಯಲ್ಲ. ಗುಂಡ್ಲುಪೇಟೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚ ನೆಡುತ್ತಿದ್ದುದನ್ನು 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಗುರುತಿಸಿದ ನಂತರವೇ ಮಣ್ಣು ಸಂರಕ್ಷಣೆಗೆ ಅದರ ಬಳಕೆ ಹಲವು ದೇಶಗಳಿಗೆ ಹರಡಿತು. ಕೊಂಕಣ ರೈಲ್ವೆ ತನ್ನ ಹಳಿಗಳ ಬದಿಯ ಇಳಿಜಾರುಗಳಲ್ಲಿ ಅದನ್ನು ನೆಡಿಸಿದೆ. ಆದರೆ ಮಣ್ಣು ಹಿಡಿಯಲು ಬಳಸುವ ದಕ್ಷಿಣ ಭಾರತದ ಲಾವಂಚ ಬೀಜದಿಂದ ಬೆಳೆಯುವುದಿಲ್ಲ. ಬುಡ ಒಡೆದು ಸಸಿಗಳನ್ನು ಕೈಯಿಂದಲೇ ನೆಡಬೇಕು. ಆದ್ದರಿಂದ ಇಳಿಜಾರಿಗೆ ಅಡ್ಡಲಾಗಿ ಗೇಣಿಗಿಂತ ಹತ್ತಿರ ಹತ್ತಿರ ಸಸಿಗಳಿರುವ ಲಾವಂಚದ ಸಾಲುಗಳನ್ನು ನೆಟ್ಟು, ಸಾಲುಗಳ ನಡುವಿನ ಮಣ್ಣಿಗೆ ಗರಿಕೆ ಬೀಜ ಸಿಂಪಡಿಸುವ ಕೂಡುಕ್ರಮವೇ ಇಲ್ಲಿಗೆ ಹೆಚ್ಚು ಒಪ್ಪುವಂಥದು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಕಾಲದ ವಿಷಯದಲ್ಲಿ. ಬೇಸಗೆಯುದ್ದಕ್ಕೂ ಗುಡ್ಡೆ ಕಡಿದು, ಮೇ ಕೊನೆಯಲ್ಲಿ ಬೀಜ ಹಾಕಿದರೆ ಮಳೆಯೇ ನೀರುಣಿಸೀತೆಂದು ಲೆಕ್ಕ ಹಾಕುವುದು ಸಹಜ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1 ಆದರೂ 2025ರಲ್ಲಿ ಅದು ಮೇ 24ರಂದೇ ಬಂದಿತು, ಬೆನ್ನಿಗೇ ಕರಾವಳಿ ಕರ್ನಾಟಕವನ್ನೂ ಮುಟ್ಟಿತು. ಅಂಥ ವರ್ಷ ಮೇ ಮೂರನೆಯ ವಾರ ಸಿಂಪಡಿಸಿದ ಬೀಜ ಬೇರು ಬಿಡುವ ಮೊದಲೇ ತೋಡು ಸೇರಿರುತ್ತದೆ. ನಾರು ಮತ್ತು ಅಂಟು ಚೆನ್ನಾಗಿ ಕಚ್ಚಿಕೊಳ್ಳಲು ಒಂದೆರಡು ದಿನಗಳ ಒಣ ಹವೆ ಬೇಕು. ಬೇರು ಮಣ್ಣನ್ನು ಹಿಡಿಯಲು ಕನಿಷ್ಠ ಒಂದೂವರೆ ಎರಡು ತಿಂಗಳು ಬೇಕು. ಏಪ್ರಿಲ್ ಮೊದಲ ವಾರ ಸಿಂಪಡಿಸಿ ಸ್ಪ್ರಿಂಕ್ಲರಿನಿಂದ ದಿನಕ್ಕೆರಡು ಬಾರಿ ಹಗುರಾಗಿ ನೀರು ಕೊಡುವುದು ಒಂದು ದಾರಿ, ಆದರೆ ಬಾವಿ ಬತ್ತಿ ಟ್ಯಾಂಕರಿಗೆ ಕಾಯುವ ಪದವಿನ ಊರುಗಳಲ್ಲಿ ಆ ನೀರನ್ನು ತರುವುದೆಲ್ಲಿಂದ? ಅದಕ್ಕಿಂತ ಸೂಕ್ತವಾದ ಕಾಲ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗಿನದು. ಆಗ ಮುಂಗಾರಿನ ಆರ್ಭಟ ಇಳಿದಿರುತ್ತದೆ, ಮಣ್ಣಿನಲ್ಲಿ ತೇವ ಇರುತ್ತದೆ, ಅಕ್ಟೋಬರಿನ ಸಂಜೆಯ ಗುಡುಗುಮಳೆ ಒಂದಿಷ್ಟು ನೀರುಣಿಸುತ್ತದೆ. ಗುಡ್ಡೆಯನ್ನು ತಿದ್ದುವ ಕೆಲಸವನ್ನೂ ಆ ಅವಧಿಯಲ್ಲಿಯೇ ಮಾಡಿ ಕೂಡಲೇ ಸಿಂಪಡಿಸಿದರೆ ಹುಲ್ಲಿಗೆ ಮುಂದಿನ ಜೂನಿನೊಳಗೆ ಏಳು ತಿಂಗಳ ಅವಕಾಶ ಸಿಗುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಹೈಡ್ರೋಸೀಡಿಂಗ್ ಏನನ್ನು ಮಾಡಲಾರದು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಸಿಂಪಡಿಸಿದ ಹುಲ್ಲಿನ ಬೇರಿನ ಬಹುಪಾಲು ಒಂದಡಿಯ ಒಳಗೇ ಇರುತ್ತದೆ. ಮೇಲ್ಮಣ್ಣು ಕೊಚ್ಚಿಹೋಗುವುದನ್ನು ಅದು ತಡೆಯುತ್ತದೆ. ಹಲವು ಮೀಟರ್ ಆಳದಲ್ಲಿ ನೀರು ತುಂಬಿ ಗುಡ್ಡದ ಹೋಳೇ ಜಾರುವುದನ್ನು ತಡೆಯಲಾರದು. ಅದಕ್ಕೆ ಬೇಕಾದದ್ದು ಬರೆಯ ನೆತ್ತಿಯಲ್ಲಿ ನೀರನ್ನು ಬದಿಗೆ ತಿರುಗಿಸುವ ಕಣಿ, ಒಳನೀರು ಹೊರಬರಲು ದಾರಿ, ಮೆಟ್ಟಿಲುಮೆಟ್ಟಿಲಾಗಿ ತಗ್ಗಿಸಿದ ಇಳಿಜಾರು, ಅಗತ್ಯವಿದ್ದಲ್ಲಿ ಉಕ್ಕಿನ ಸರಳುಗಳನ್ನು ಮಣ್ಣಿನೊಳಗೆ ಆಳವಾಗಿ ಹೂಳಿ ಬಿಗಿಯುವ ಸಾಯಿಲ್ ನೈಲಿಂಗ್. ಕೊಡಗಿನಲ್ಲಿ 2018ರ ಆಗಸ್ಟ್ ತಿಂಗಳ ಸರಣಿ ಭೂಕುಸಿತಗಳ ನಂತರ ರಸ್ತೆಬದಿಯ ಇಳಿಜಾರುಗಳಲ್ಲಿ ಹೈಡ್ರೋಸೀಡಿಂಗ್ ಕೈಗೊಂಡಾಗಲೂ ಅದು ಬಂದದ್ದು ಇಂಥ ಕೆಲಸಗಳ ಜೊತೆಗೆ. ಮೊದಲು ಗುಡ್ಡ ನಿಲ್ಲಬೇಕು, ಆಮೇಲೆ ಹುಲ್ಲು ಅದರ ಚರ್ಮವನ್ನು ಕಾಯಬೇಕು.

ಇಲ್ಲಿಯೇ ಉಳ್ಳಾಲದ ನಿಜವಾದ ಕಷ್ಟವಿರುವುದು. ಬೀಜ ನಿಲ್ಲಬೇಕಾದರೆ ಬರೆಯ ಎತ್ತರದ ಒಂದೂವರೆ ಎರಡು ಪಟ್ಟಾದರೂ ಇಳಿಜಾರಿನ ಪಾದ ಹೊರಚಾಚಿರಬೇಕು. ಮೂರು ಮೀಟರ್ ಎತ್ತರದ ಬರೆಯನ್ನು ಹಾಗೆ ತಗ್ಗಿಸಿದರೆ ನಾಲ್ಕೂವರೆ ಮೀಟರ್ ನೆಲ ಹೋಗುತ್ತದೆ. ಐದು ಸೆಂಟ್ಸ್ ಚೌಕ ಜಾಗದ ಒಂದು ಬದಿ ಸುಮಾರು 14 ಮೀಟರ್ ಮಾತ್ರ ಇರುವಾಗ ಅದು ಮೂರರಲ್ಲಿ ಒಂದು ಪಾಲು. ಸಾಲ ಮಾಡಿ ಐದು ಸೆಂಟ್ಸ್ ಕೊಂಡ ಕುಟುಂಬಕ್ಕೆ ಅದನ್ನು ಬಿಟ್ಟುಕೊಡಿ ಎಂದು ಹೇಳುವುದು ಸುಲಭವಲ್ಲ, ಹಾಗೆ ಹೇಳುವವರಿಗೆ ಬೇರೆ ದಾರಿ ತೋರಿಸುವ ಹೊಣೆಯೂ ಇದೆ. ಅಂಥ ಕಡೆ ನೀರು ಬಸಿಯುವ ತೂತುಗಳಿರುವ, ಎಂಜಿನಿಯರ್ ಲೆಕ್ಕ ಹಾಕಿ ಕಟ್ಟಿಸಿದ ತಡೆಗೋಡೆಯೇ ಸರಿ; ಲಂಬವಾದ ಶೇಡಿ ಬರೆಗೆ ಹಸಿರು ರಾಡಿ ಎರಚಿ ಸುರಕ್ಷಿತವಾಯಿತೆಂದು ನಂಬಿಸುವುದು ಅಪಾಯಕರ ವಂಚನೆ. ಹೈಡ್ರೋಸೀಡಿಂಗ್ ನಿಜವಾಗಿ ಒದಗುವುದು ನೆಲ ಹೆಚ್ಚಿರುವ ಕಡೆಗೆ: ಹೆದ್ದಾರಿ 66ರ ಏರಿಗಳು, ಕಾಲೇಜು ಮತ್ತು ಆಸ್ಪತ್ರೆಗಳ ವಿಸ್ತಾರವಾದ ಆವರಣಗಳು, ಬಡಾವಣೆಗಳ ಅಂಚು, ಕೈಬಿಟ್ಟ ಮುರಕಲ್ಲ ಕೋರೆಗಳ ಮಣ್ಣಿನ ರಾಶಿ.

ಮನೆಯಂಗಳದ ಲಾನ್ ಬಯಸುವವರಿಗೆ ಎರಡು ಮಾತು ಸಾಕು. ಒಂದೆರಡು ಸೆಂಟ್ಸ್ ಅಂಗಳಕ್ಕೆ ಯಂತ್ರ ತರಿಸುವುದು ದುಬಾರಿ. ಗರಿಕೆ ಬೀಜವನ್ನು ಮರಳಿನೊಡನೆ ಬೆರೆಸಿ ಕೈಯಿಂದ ಎರಚಿ ಬೈಹುಲ್ಲು ಮುಚ್ಚಿದರೆ ಅದೇ ಫಲ ಸಿಗುತ್ತದೆ. ನರ್ಸರಿಗಳಲ್ಲಿ ಹಾಸಿನಂತೆ ಸಿಗುವ ಮೆಕ್ಸಿಕನ್ ಹುಲ್ಲು, ಬಫಲೊ ಹುಲ್ಲುಗಳನ್ನು ತುಂಡಿನಿಂದ ಬೆಳೆಸುವ ರೂಢಿಯೇ ಹೊರತು ಬೀಜದಿಂದಲ್ಲ. ದೊಡ್ಡ ಮೈದಾನಗಳಲ್ಲಾದರೆ ಕತ್ತರಿಸಿದ ಬಳ್ಳಿತುಂಡುಗಳನ್ನೇ ನಾರಿನ ಮಿಶ್ರಣದೊಡನೆ ಸಿಂಪಡಿಸುವ ಹೈಡ್ರೋಸ್ಪ್ರಿಗ್ಗಿಂಗ್ ಎಂಬ ಕ್ರಮವಿದೆ. ಇನ್ನು ಕಡಲ ದಂಡೆಯಲ್ಲಿ ಈ ವಿಧಾನಕ್ಕೆ ಕೆಲಸವೇ ಇಲ್ಲ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನ ಯೋಜನೆಯಲ್ಲಿ ಉಳ್ಳಾಲದ ಕಡಲೊಳಗೆ ರೀಫ್‌ಗಳನ್ನು ಹಾಕಿದ್ದು ಅಲೆಯ ಹೊಡೆತವನ್ನು ತಗ್ಗಿಸಲು. ಅಂಥ ಅಲೆ ಮುಟ್ಟುವ ಮರಳಿಗೆ ಲಾನ್ ಹುಲ್ಲು ಎಂದೂ ನಿಲ್ಲದು. ಅಲ್ಲಿ ತಾನಾಗಿ ಹಬ್ಬುವ ಅಡುಂಬು ಬಳ್ಳಿಯನ್ನು ಕೀಳದೆ, ವಾಹನ ಹರಿಸದೆ ಬಿಡುವುದೇ ಮರಳಿಗೆ ದೊರೆಯಬಹುದಾದ ಒಳ್ಳೆಯ ಹೊದಿಕೆ.

ಉಳ್ಳಾಲ ತಾಲ್ಲೂಕಿನ ಸ್ಥಳೀಯ ಸಂಸ್ಥೆಗಳು ಗುಡ್ಡೆ ಕಡಿಯಲು ಪರವಾನಗಿ ಕೊಡುವಾಗ ಕಟ್ಟಡದ ನಕ್ಷೆಯ ಜೊತೆಗೆ ಇಳಿಜಾರಿನ ನಕ್ಷೆ, ಮಳೆನೀರಿನ ಕಣಿಯ ನಕ್ಷೆ ಮತ್ತು ನೆಲಹೊದಿಕೆ ಬಿತ್ತುವ ತಿಂಗಳು, ಈ ಮೂರನ್ನೂ ಬರವಣಿಗೆಯಲ್ಲಿ ಕೇಳಬೇಕು. ಬಿತ್ತಿದ ಹುಲ್ಲು ಒಂದು ಮಳೆಗಾಲ ದಾಟಿ ನಿಂತದ್ದನ್ನು ಸ್ಥಳಕ್ಕೆ ಹೋಗಿ ನೋಡಿದ ಮೇಲೆಯೇ ಗುತ್ತಿಗೆದಾರನಿಗೆ ಕೊನೆಯ ಕಂತು ಕೊಡಬೇಕು.